ಕತ್ತರಿಸಬೇಡಿ ಅಂದಿದ್ದ ಪಿಜ್ಜಾ

…ಬಾಗಿಲು ಸ್ವಲ್ಪ ಮುಂದೆ ಮಾಡು. ಪೂರ್ತಿ ಹಾಕಬೇಡ ಮತ್ತೆ, ಪೂರ್ತಿ ಹಾಕಿದರೆ ಒಳಗೆ ಏನೋ ನಡೀತಿದೆ ಅಂತ ಗೊತ್ತಾಗುತ್ತೆ. ಹಾಂ, ಅಷ್ಟು ಸಾಕು. ಈಗ ಹತ್ತಿರ ಬಾ. ಇಸ್ತ್ರಿಪೆಟ್ಟಿಗೆ ಕೈಯಲ್ಲೇ ಇರಲಿ, ನಿನ್ನ ಕೆಲಸ ನೀನು ಮಾಡ್ತಿರು. ನಾನು ಮೆಲ್ಲಗೆ ಹೇಳ್ತೀನಿ. ಆದರೆ ಮೊದಲು ಮಾತು ಕೊಡು, ಇದು ಈ ಮೆಟ್ಟಿಲ ಕೆಳಗಿನ ಗೂಡು ಬಿಟ್ಟು ಆಚೆ ಹೋಗಬಾರದು. ನಿನ್ನ ಗಂಡನ ಕಿವಿಗೂ ಬೀಳಬಾರದು. ನಿನ್ನ ಮಗಳಿಗಂತೂ… ಅವಳಿಗಂತೂ ಬೇಡವೇ ಬೇಡ, ಪಾಪ.

ಯಾಕೆ ನಗ್ತೀಯ? ನನಗೆ ಸುದ್ದಿಪೆಟ್ಟಿಗೆ ಅಂತ ಹೆಸರಿಟ್ಟಿದಾರೆ ಅಂತಲಾ? ಇಟ್ಟುಕೊಳ್ಳಲಿ ಬಿಡು. ಪೆಟ್ಟಿಗೆ ಅಂದ ಮೇಲೆ ಅದಕ್ಕೆ ಮುಚ್ಚಳವೂ ಇರುತ್ತೆ ತಾನೇ!

ಕೇಳು. ಮೂರನೇ ಮಹಡಿ ಹೊಲಿಗೆಯವಳು ಇವತ್ತು ಬೆಳಗ್ಗೆ ನನ್ನನ್ನ ಕರೆಸಿದಳು. ಕರೆಸಿ, ಎದುರಿಗೆ ಕೂರಿಸಿ, ಮುಖಕ್ಕೆ ಮುಖ ಕೊಟ್ಟು ಒಂದು ಮಾತು ಅಂದಳು… ಏನಂದಳು ಅಂತ ಆಮೇಲೆ ಹೇಳ್ತೀನಿ. ಮೊದಲು ನೀನು ಹೇಳು, ಅವಳು ಇಲ್ಲಿಗೆ ಬಂದಿದ್ದಳಾ? ನಿನ್ನೆ? ಇವತ್ತು? ಇಲ್ವಾ? ಅದೇನು ತಲೆ ಆಡಿಸ್ತೀಯೋ, ಹೌದು ಅಂತಲೋ ಇಲ್ಲ ಅಂತಲೋ! ಸರಿ, ಬಂದಿಲ್ಲ ಅಂತಲೇ ಇಟ್ಟುಕೊಳ್ಳೋಣ. ಒಳ್ಳೇದಾಯ್ತು. ಮೊದಲು ನನ್ನ ಬಾಯಿಂದಲೇ ಕೇಳು. ಜನ ಒಂದಕ್ಕೆ ನಾಲ್ಕು ಸೇರಿಸ್ತಾರೆ, ನಾನು ಇದ್ದದ್ದು ಇದ್ದ ಹಾಗೆ ಹೇಳೋಳು.

ಅಂದ ಹಾಗೆ ನನ್ನ ಬೂದು ಶಾಲು ಆಯ್ತಾ? ಕಲೆ ಹೋಗಿಲ್ವಾ? ಕೆಮ್ಮಿನ ಔಷಧಿ ಚೆಲ್ಲಿತ್ತು ಅಂದೆನಲ್ಲ. ಆ ಕೆಂಪು ಔಷಧಿ ಹಾಗೇ, ಒಂದು ಸಲ ಹಿಡೀತು ಅಂದರೆ ನೆಂಟರ ಹಾಗೆ, ಹೋಗೋದೇ ಇಲ್ಲ. ಇರಲಿ, ಅವಸರ ಇಲ್ಲ.

ಆ ಮನೇಲಿ ಅವಳ ಅತ್ತೆ ಇದಾಳಲ್ಲ, ಹಾಸಿಗೆ ಹಿಡಿದು ಒಂದು ವರ್ಷ ಆಯ್ತು. ಮಂಚ ಕಿಟಕಿ ಪಕ್ಕ. ಕಿಟಕಿಯಿಂದ ಕಾಣೋದು ಇನ್ನೇನು, ಎದುರಿಗಿನ ಹಿಟ್ಟಣ್ಣನ ಪಿಜ್ಜಾ ಅಂಗಡಿ. ಹಿಟ್ಟಣ್ಣ ಅಂತ ಹೆಸರು ಇಟ್ಟಿದ್ದೂ ನಾನೇ, ಯಾವಾಗ ನೋಡಿದರೂ ಹುಬ್ಬಿನ ತನಕ ಹಿಟ್ಟು. ಆ ಅಂಗಡಿ ಬೋರ್ಡಿನ ಮೇಲೆ ದುಂಡಗೆ ದೊಡ್ಡ ಪಿಜ್ಜಾ ಬರೆಸಿದಾನಲ್ಲ, ಅದನ್ನೇ ಮುದುಕಿ ವರ್ಷವೆಲ್ಲ ನೋಡಿದ್ದು. ನೋಡಿ ನೋಡಿ ಒಂದು ದಿನ ಸೊಸೆಗೆ ಹೇಳಿದಳಂತೆ, "ಹುಟ್ಟಿದ ಮೇಲೆ ಒಂದು ಸಲವೂ ಅದನ್ನ ತಿಂದಿಲ್ಲ. ಒಂದು ತರಿಸು. ಆದರೆ ನಮಗೆ ಸಲ್ಲುವಂಥದ್ದು ಆಗಿರಬೇಕು, ಈ ವಯಸ್ಸಿನಲ್ಲಿ ನನ್ನ ಬಾಯಿ ಕೆಡಿಸಬೇಡ." ಎಂಬತ್ತು ವರ್ಷ ಹಲಾಲ್ ಬಿಟ್ಟು ಬೇರೆ ತುತ್ತು ಮುಟ್ಟಿದವಳಲ್ಲ ಅವಳು. ಅದಕ್ಕೆ ನಾನು ತಲೆಬಾಗ್ತೀನಪ್ಪ, ಅವರವರ ನೇಮ ಅವರಿಗೆ.

ಈ ಹೊಲಿಗೆಯವಳು ಇದಾಳಲ್ಲ, ಹತ್ತು ಸಲ ಅಳೆದು ಒಂದು ಸಲ ಕತ್ತರಿಸೋ ಜಾತಿ. ನನ್ನನ್ನ ಕರಕೊಂಡು ಅಂಗಡಿಗೆ ಹೋದಳು. ಬೆಳಗ್ಗೆ ಅಲ್ಲಿ ತಟ್ಟೆ, ಬಟ್ಟಲು ಉಜ್ಜೋಳು ನಾನೇ ತಾನೇ, ಒಳಗಿನ ಪರಿಚಯ ಇದೆ ಅಂತ. ಅಬ್ಬಬ್ಬಾ, ಹೆಣ್ಣು ನೋಡೋಕೆ ಬಂದವರೂ ಅಷ್ಟು ಪ್ರಶ್ನೆ ಕೇಳಲ್ಲ ಕಣೇ! ನಿನ್ನ ಮಗಳು ಗಲ್ಲಾದಲ್ಲಿ ದುಡ್ಡು ಎಣಿಸೋ ಕೆಲಸ ಬಿಟ್ಟು ಬಾಯಿ ಮುಚ್ಚಿಕೊಂಡು ನಗ್ತಿದ್ದಳು, ಹೇಳಿರಬೇಕು ನಿನಗೆ.

ಮೊದಲು ಗೋಡೆ ಮೇಲಿನ ಹಲಾಲ್ ಪತ್ರ. ಅದಕ್ಕೆ ಗಾಜು, ಚೌಕಟ್ಟು ಎಲ್ಲ ಹಾಕಿಸಿದಾನೆ. ಬೇರೆಯವರಾಗಿದ್ದರೆ ಪತ್ರ ಇದೆಯಲ್ಲ ಅಂತ ಸುಮ್ಮನಾಗೋರು. ಇವಳು ಕನ್ನಡಕ ಏರಿಸಿ ಕೆಳಗಿನ ಸಣ್ಣ ಅಕ್ಷರ ಓದಿದಳು. ಯಾವತ್ತಿನ ತನಕ ನಡೆಯುತ್ತೆ, ಯಾರು ಕೊಟ್ಟಿದ್ದು, ಈ ಅಂಗಡಿಗೇ ಕೊಟ್ಟಿದ್ದಾ ಬೇರೆಯವರ ಹೆಸರಿಗಾ. ಆಮೇಲೆ ಕೋಳಿ ಯಾವ ಕಸಾಯಿಯಿಂದ, ದೇವರ ಹೆಸರು ಹೇಳಿ ಕೊಯ್ದದ್ದಾ. ಚೀಸಿಗೆ ಬಂದಳು. ನಾನು ಅಂದೆ, ಚೀಸು ಹಾಲಿಂದ ಅಲ್ವೇನಮ್ಮ, ಅದರಲ್ಲಿ ಏನಿದೆ ಕೇಳೋಕೆ? ಹಾಲು ಒಡೆಸೋಕೆ ಕರುವಿನ ಹೊಟ್ಟೆಯಿಂದ ಏನೋ ತೆಗೆದು ಹಾಕ್ತಾರಂತೆ ಕಣೇ! ನನ್ನ ತಲೆ ಮೇಲೆ ಬಂಡೆ ಬಿದ್ದ ಹಾಗಾಯ್ತು. ಗಿಡದಿಂದ ಮಾಡಿದ್ದೂ ಬರುತ್ತಂತೆ, ಇವನು ತರೋದು ಅದೇ. ಪೊಟ್ಟಣ ತಂದು ತೋರಿಸಿದ. ಇವಳು ಅದರ ಹಿಂದೆ ಬರೆದಿದ್ದ ನಂಬರಿಗೆ ಫೋನು ಮಾಡಿಯೇ ಬಿಟ್ಟಳು. ಸಾಸಿಗೆ ವೈನು ಹಾಕ್ತೀರಾ? ಹಿಟ್ಟಿಗೆ ಕೊಬ್ಬು ಹಾಕ್ತೀರಾ, ಎಣ್ಣೆಯಾ? ಎಣ್ಣೆ ಸವರೋ ಕುಂಚದ ಕೂದಲು ಯಾವ ಪ್ರಾಣಿಯದ್ದು? ಕುಂಚದ ಕೂದಲು! ಹಂದಿ ಕೂದಲಿನ ಕುಂಚ ಬರುತ್ತಂತೆ. ಹತ್ತು ತಿಂಗಳಿಂದ ಅದನ್ನ ತೊಳೀತಾ ಇದೀನಿ, ರಬ್ಬರಿನದು ಅಂತ ನಾನೇ ಸಾಕ್ಷಿ ಹೇಳಿದೆ.

ಹಿಟ್ಟಣ್ಣ ಒಂದು ಸಲವೂ ಮುಖ ಗಂಟು ಹಾಕಲಿಲ್ಲ, ಅದನ್ನ ಹೇಳಲೇಬೇಕು. "ಕೇಳಿ ಅಕ್ಕಾ, ಕೇಳಿ. ಕೇಳದೆ ತಿಂದು ಆಮೇಲೆ ಮರುಗೋದಕ್ಕಿಂತ ಇದು ವಾಸಿ" ಅಂದ.

ಕೊನೆಗೆ ಇವಳು ಹೇಳಿದಳು, "ಪಿಜ್ಜಾ ಕತ್ತರಿಸಬೇಡಿ. ಹಾಗೇ ಇಡಿಯಾಗಿ ಕಳಿಸಿ." ಯಾಕೆ ಅಂದರೆ ಮುದುಕಿ ಹೇಳಿದ್ದಳಂತೆ, "ಬೋರ್ಡಿನ ಮೇಲಿರೋ ಹಾಗೆ ದುಂಡಗೆ ನೋಡಬೇಕು. ಚಂದ್ರನ್ನ ಯಾರಾದರೂ ಕತ್ತರಿಸಿ ತೋರಿಸ್ತಾರಾ?" ನೋಡಿದ ಮೇಲೆ ಸೊಸೆ ತನ್ನ ಹೊಸ ಕತ್ತರಿಯಲ್ಲಿ ಕತ್ತರಿಸೋದು ಅಂತ. ಬಟ್ಟೆಗೆ ಇನ್ನೂ ಮುಟ್ಟಿಸದ ಕತ್ತರಿ.

ಮಾರನೇ ದಿನ ಸಂಜೆ ಐದಕ್ಕೆ ನಾನು ಪೆಟ್ಟಿಗೆ ತಂದುಕೊಟ್ಟೆ. ಅತ್ತೆಯನ್ನ ಬಿಟ್ಟು ಅವಳು ಬರೋ ಹಾಗಿರಲಿಲ್ಲವಲ್ಲ. ಪೆಟ್ಟಿಗೆ ಮುಚ್ಚಿದ್ದು ಮುಚ್ಚಿದ ಹಾಗೇ ಕೊಟ್ಟೆ. ಅವಳು ಮಂಚದ ಮೇಲೆ ಬಿಳಿ ಬಟ್ಟೆ ಹಾಸಿ, ಅತ್ತೆಗೆ ದಿಂಬು ಒರಗಿಸಿ ಕೂರಿಸಿ, ಕತ್ತರಿ ಕೈಯಲ್ಲಿ ಹಿಡಿದು ಮುಚ್ಚಳ ತೆರೆದಳು. ಏನಿದೆ? ಎಂಟು ತುಂಡು! ಕತ್ತರಿಸಿಬಿಟ್ಟಿದಾರೆ!

ಮುದುಕಿ ತುಂಡುಗಳನ್ನ ನೋಡಿದಳು. ಆಮೇಲೆ ಸೊಸೆ ಮುಖ ನೋಡಿದಳು. ಇವಳು ಫೋನು ಹಚ್ಚಿದಳು. ಅವನು ಆ ಕಡೆಯಿಂದ, "ಅಕ್ಕಾ, ನಾನು ಪಿಜ್ಜಾ ಕತ್ತರಿಸೋ ಚಕ್ರ ಮುಟ್ಟೇ ಇಲ್ಲ, ಇಡಿಯಾಗೇ ಕಳಿಸಿದ್ದು" ಅಂತ ಆಣೆ ಹಾಕ್ತಾನೆ. ನೋಡು, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ! ಅವಳು ಕೇಳಿದ್ದು ಯಾರು ಕತ್ತರಿಸಿದ್ದು ಅಂತ. ಇವನು ಚಕ್ರದ ಮಾತು ಯಾಕೆ ತೆಗೀಬೇಕು? ಆಗ ನಾನು ಹೇಳಿದೆ. ಹೇಳಬೇಕಾಯ್ತು. ಹಳೇ ಯಜಮಾನನ ಕಾಲದ ಚಕ್ರ ಒಂದು ಹಿಂದಿನ ಕೋಣೆ ಮೊಳೆಗೆ ಇನ್ನೂ ನೇತಾಡ್ತಿದೆ. ಆ ಯಜಮಾನ ಹಂದಿ ಮಾಂಸದ ಪಿಜ್ಜಾ ಮಾಡ್ತಿದ್ದ. ಇವನು ಅದರಲ್ಲೇ ಕತ್ತರಿಸಿದ, ನಾನೇ ಕಣ್ಣಾರೆ ಕಂಡೆ ಅಂದೆ.

ಏನು? ತುಕ್ಕು ಹಿಡಿದಿದೆಯಾ ಆ ಚಕ್ರ? ನಿನ್ನ ಮಗಳು ಹೇಳಿದಳಾ? ತುಕ್ಕು ಹಿಡಿದರೇನು, ಕತ್ತರಿಸಲ್ವಾ? ಹಂದಿಗೆ ತಾಗಿದ್ದು ಬರೀ ಒರೆಸಿದರೆ ಹೋಗುತ್ತಾ?

ಅವಳು ಪೆಟ್ಟಿಗೆ ಮುಚ್ಚಿಬಿಟ್ಟಳು. ಮುದುಕಿ ಗೋಡೆ ಕಡೆ ತಿರುಗಿಕೊಂಡಳು. ಅಷ್ಟೇ. ಅದಾಗಿ ಎರಡು ದಿನಕ್ಕೆ ಗಂಟಲು ಕೆಟ್ಟಿತು. ಈಗ ಚಮಚದಲ್ಲಿ ನೀರು, ಗಂಜಿ ಬಿಟ್ಟರೆ ಏನೂ ಇಳಿಯಲ್ಲವಂತೆ. ಇನ್ನು ಪಿಜ್ಜಾ ಎಲ್ಲಿ ಬಂತು. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ. ಎಷ್ಟು ಚೆನ್ನಾಗಿ ಮಾಡಿದ್ದ ಗೊತ್ತಾ! ಅಂಚು ಗರಿಗರಿ, ನಡುವೆ ಮೆತ್ತಗೆ, ಕಚ್ಚಿದರೆ ಚೀಸು ದಾರದ ಹಾಗೆ ಉದ್ದಕ್ಕೆ ಎಳೀತಾ…

ಏನು ಹಾಗೆ ನೋಡ್ತೀಯ? ಅಂದಾಜಿಗೆ ಹೇಳಿದೆ ಕಣೇ! ದಿನಾ ಅಂಗಡೀಲಿ ನೋಡ್ತೀನಲ್ಲ. ನೋಡಿದರೇ ಗೊತ್ತಾಗುತ್ತೆ.

ಇನ್ನೊಂದು ಗುಟ್ಟು ಇದೆ, ಇದನ್ನಂತೂ ಯಾರಿಗೂ ಹೇಳಿಲ್ಲ. ಸರಿ, ಕ್ಷೌರದವನ ಹೆಂಡತಿಗೆ ಹೇಳಿದೀನಿ, ಅವಳು ಲೆಕ್ಕಕ್ಕಿಲ್ಲ. ಆ ಮನೇಲಿ ಇರೋದು ಇಬ್ಬರೇ ತಾನೇ? ಅತ್ತೆ, ಸೊಸೆ. ಅವತ್ತು ಮೇಜಿನ ಮೇಲೆ ತಟ್ಟೆ ಎಷ್ಟಿತ್ತು ಹೇಳು. ಮೂರು! ತೊಳೆದು, ಒರೆಸಿ, ಸಾಲಾಗಿ ಇಟ್ಟಿದ್ದ ಮೂರು ತಟ್ಟೆ. ಮೂರನೇದು ಯಾರಿಗೆ? ಗಂಡ ಹೋಗಿ ಆರು ವರ್ಷ ಆಯ್ತು. ಅಳತೆ ಕೊಡೋಕೆ ಅಂತ ಆ ಉದ್ದ ಕೋಟಿನವನು ವಾರಕ್ಕೆರಡು ಸಲ ಮೇಲೆ ಹತ್ತುತ್ತಾನಲ್ಲ… ನಾನೇನೂ ಹೇಳ್ತಿಲ್ಲಪ್ಪ. ತಟ್ಟೆ ಮೂರು ಇತ್ತು ಅಂತಷ್ಟೇ ಹೇಳಿದೆ. ಬೆಂಕಿ ಇಲ್ಲದೆ ಹೊಗೆ ಬರುತ್ತಾ?

ನಗಲ್ಲ ಯಾಕೆ? ಇದಕ್ಕೆ ನೀನು ಬೇರೆ ದಿನ ಆಗಿದ್ದರೆ ಹೊಟ್ಟೆ ಹಿಡಕೊಂಡು ನಗ್ತಿದ್ದೆ.

ಮಗಳ ಚಿಂತೆ, ಗೊತ್ತು. ನಾಲ್ಕು ದಿನದಿಂದ ಮನೇಲೇ ಕೂತಿದಾಳೆ. ಹಂದಿ ಚಕ್ರದ ಸುದ್ದಿ ಹರಡಿ ಅಂಗಡೀಲಿ ಜನವೇ ಇಲ್ಲದಿದ್ದರೆ ಅವನು ತಾನೇ ಏನು ಮಾಡ್ತಾನೆ, ಬಾ ಅಂತ ಕರೆಯೋಕೆ? ನಿನ್ನೆ ನಾನು ಹೋದಾಗ ಒಲೆಯೇ ಹಚ್ಚಿರಲಿಲ್ಲ. ಉಜ್ಜೋಕೆ ಒಂದು ತಟ್ಟೆ ಇಲ್ಲ. ಹಿಟ್ಟಣ್ಣ ಮೈಮೇಲೆ ಹಿಟ್ಟೇ ಇಲ್ಲದೆ ಕೂತಿದ್ದ ಕಣೇ, ಗುರುತೇ ಸಿಗಲಿಲ್ಲ. ಅಷ್ಟು ಕಪ್ಪು ಹುಬ್ಬು ಅವನಿಗೆ ಅಂತ ನನಗೆ ಗೊತ್ತೇ ಇರಲಿಲ್ಲ. "ದೊಡ್ಡಮ್ಮಾ, ನಾಳೆ ಅಲ್ಲ ನಾಡಿದ್ದು ಹತ್ತು ಗಂಟೆಗೆ ಹಲಾಲ್ ಪತ್ರ ಕೊಟ್ಟವರು ಬರ್ತಾರೆ, ನಿಮ್ಮನ್ನೂ ಕೇಳ್ತಾರೆ, ನೀವು ನೋಡಿದ್ದನ್ನೇ ಹೇಳಿ" ಅಂದ. ಅಷ್ಟೇ ಅಂದಿದ್ದು. ಬೈಯಲೂ ಇಲ್ಲ.

ನಾಡಿದ್ದು ಅಂದಿದ್ದು ನಿನ್ನೆ. ಅಂದರೆ ನಾಳೆ. ಹೌದು, ನಾಳೆ ಹತ್ತು ಗಂಟೆಗೆ. ನಾನು ಕಂಡೆ ಅಂದರೆ ಆ ಚೌಕಟ್ಟು ಗೋಡೆಯಿಂದ ಇಳಿಯುತ್ತೆ. ಇಳಿದರೆ ಅಂಗಡಿಯೂ ಇಳೀತು. ಗೊತ್ತು, ಗೊತ್ತು! ನನಗೇನು ಖುಷಿಯಾ? ನನ್ನ ಕೆಲಸವೂ ಹೋಗುತ್ತೆ!

ಅಲ್ಲ, ಒಂದೇ ಅಂಗಿಗೆ ಎಷ್ಟು ಸಲ ಇಸ್ತ್ರಿ ಮಾಡ್ತೀಯ?

ಸರಿ, ಬೆಳಗ್ಗೆ ಆಗಿದ್ದು ಹೇಳ್ತೀನಿ. ಹೋದೆ. ಹೊಲಿಗೆ ಮಿಷನ್ನಿಗೆ ಬಟ್ಟೆ ಮುಚ್ಚಿತ್ತು. ಮೇಜಿನ ಮೇಲೆ ಒಂದು ಕಂದು ಕಾಗದ, ಅವರು ಅಳತೆ ಬರೆಯೋಕೆ ಇಟ್ಟುಕೊಳ್ತಾರಲ್ಲ, ಅದು. ಅದರ ಮೇಲೆ ಪೆನ್ಸಿಲಿನಲ್ಲಿ ಏನೋ ದುಂಡಗೆ. ಯಾವುದೋ ಲಂಗದ ಸುತ್ತು ಅಂದುಕೊಂಡೆ. ಅವಳು ಮೊದಲು ಕೇಳಿದ್ದು, "ದೊಡ್ಡಮ್ಮಾ, ಅಂಗಡಿಯಿಂದ ನಮ್ಮ ಬಾಗಿಲಿಗೆ ಎಷ್ಟು ಹೊತ್ತು?" ನಾಲ್ಕು ನಿಮಿಷ ಅಂದೆ. "ನೀವು ಪೆಟ್ಟಿಗೆ ಹಿಡಿದು ರಸ್ತೆ ದಾಟಿದ್ದು ಅತ್ತೆ ಕಿಟಕಿಯಿಂದ ನೋಡಿದರು. ಬಂದರು, ಬಂದರು ಅಂತ ನನಗೆ ಹೇಳಿದರು. ಆಮೇಲೆ ಅರ್ಧ ಗಂಟೆ ನಾವಿಬ್ಬರೂ ಬಾಗಿಲು ನೋಡ್ತಾ ಕೂತಿದ್ದೆವು" ಅಂದಳು.

ಮೆಟ್ಟಿಲು ಕಣೇ! ಮೂರು ಮಹಡಿ! ನನ್ನ ಮೊಣಕಾಲು ನಿನಗೆ ಗೊತ್ತಿಲ್ವಾ? ಹತ್ತು ಮೆಟ್ಟಿಲಿಗೆ ಒಂದು ಸಲ ಕೂತು… ಎರಡನೇ ಮಹಡೀಲಿ ನನ್ನ ಮನೆ ಇದೆ, ಹೌದು, ಇದೆ. ಮನೆ ಇದ್ದರೆ ಒಳಗೆ ಹೋದೆ ಅಂತಲಾ? ಹೋದೆ, ಒಂದು ಲೋಟ ನೀರು ಕುಡಿಯೋಕೆ. ನೀರು ಕುಡಿಯೋದೂ ತಪ್ಪಾ ಈಗ?

ಇದೇನು ಮಾಡ್ತಿದೀಯ? ಅದು ನನ್ನ ಶಾಲು ತಾನೇ… ಇರಲಿ ಬಿಡೇ, ಅವಸರ ಇಲ್ಲ ಅಂದೆನಲ್ಲ. ಬೇಡ, ಕಲೆ ಮೇಲೆ ಇಸ್ತ್ರಿ ಇಡಬೇಡ, ಇನ್ನೂ ಹಿಡಿದುಬಿಡುತ್ತೆ… ಇಡಬೇಡ ಅಂದೆ!

…

ವಾಸನೆ ಬರ್ತಿದೆ.

ಕೆಮ್ಮಿನ ಔಷಧಿ ವಾಸನೆ ಅಲ್ಲ ಅಂತ ನನಗೂ ಗೊತ್ತಾಗುತ್ತೆ, ಮೂಗು ಇದೆ ನನಗೂ. ಎರಡು ಸಲ ಒಗೆದೆಯಾ? ಒಗೆದ ಮೇಲೂ… ಈ ಹಾಳು ಚೀಸಿನ ಎಣ್ಣೆ. ಬಿಸಿ ಮುಟ್ಟಿದ ಕೂಡಲೇ ಎದ್ದು ಕೂರುತ್ತೆ. ತೆಗಿ. ಇಸ್ತ್ರಿ ತೆಗಿ, ಸುಟ್ಟೀತು. ಕೊಡು ಇಲ್ಲಿ ಶಾಲು. ಕೊಡೇ…

ನಿನಗೆ ಯಾವಾಗಿಂದ ಗೊತ್ತು? ಮೊದಲ ಒಗೆತದಿಂದಲೇ? ಎಂಟು ದಿನದಿಂದ? ಎಂಟು ದಿನ ನನ್ನ ಮುಖ ನೋಡಿ ಸುಮ್ಮನಿದ್ದೆಯಾ, ಮಗಳು ಮನೇಲಿ ಕೂತ ಮೇಲೂ? ನಾನೇ ಬಾಯಿ ಬಿಡಲಿ ಅಂತ ಕಾದೆಯಾ?

ಒಂದು ಸಲ ತೆರೆದು ನೋಡೋಣ ಅಂದುಕೊಂಡೆ ಕಣೇ. ಒಂದೇ ಒಂದು ಸಲ. ಹತ್ತು ತಿಂಗಳು ಆ ತಟ್ಟೆ ಉಜ್ಜಿದೀನಿ. ಅಂಚಿಗೆ ಕರಕಲಾಗಿ ಅಂಟಿರುತ್ತಲ್ಲ ಚೀಸು, ಅದನ್ನ ಉಗುರಿನಲ್ಲಿ ಕೆರೆದಿದೀನಿ. ಒಂದು ದಿನ, ಒಬ್ಬರು, "ಕೂತುಕೋ, ಒಂದು ತುಂಡು ತಿನ್ನು" ಅಂದಿದ್ದಿಲ್ಲ. ನಾನೂ ಕೇಳಿದ್ದಿಲ್ಲ. ಬಾಯಿ ಇಷ್ಟು ದೊಡ್ಡದು ನನ್ನದು, ಅದೊಂದು ಕೇಳೋಕೆ ಬರಲಿಲ್ಲ. ಮುಚ್ಚಳ ತೆರೆದೆ. ಬಿಸಿ ಹಬೆ ಮುಖಕ್ಕೆ ಬಂತು. ಒಂದು ಎಳೆ ತೆಗೆದುಕೊಳ್ಳೋಣ ಅಂತ ನೋಡಿದರೆ, ದುಂಡಗಿರೋದರಲ್ಲಿ ಒಂದು ಕಡೆ ತೆಗೆದರೆ ಕಾಣುತ್ತಲ್ಲ! ಅದಕ್ಕೆ ಅಂಗಡೀಲಿ ಮಾಡೋ ಹಾಗೆ ಎಂಟು ಮಾಡಿದೆ. ಒಂದೊಂದರ ಪಕ್ಕದಿಂದ ಒಂದೊಂದು ಎಳೆ ಕೊಯ್ದೆ. ಆಮೇಲೆ ಎಲ್ಲಾ ತಳ್ಳಿ ತಳ್ಳಿ ಕೂಡಿಸಿದೆ. ನಿಂತೇ ತಿಂದೆ. ಶಾಲಿನ ಮೇಲೆ ಬಿದ್ದದ್ದು ನೋಡಲೂ ಇಲ್ಲ.

ಕತ್ತರಿಸಬೇಡಿ ಅಂದಿದ್ದು ನೆನಪೇ ಆಗಲಿಲ್ಲ ಕಣೇ. ಆಣೆ ಮಾಡಿ ಹೇಳ್ತೀನಿ. ದಿನಾ ನೋಡೋದು ಎಂಟು ತುಂಡು, ಎಂಟು ತುಂಡು ಅಂದರೇನೇ ಪಿಜ್ಜಾ ಅಂತ ನನ್ನ ಕೈಗೆ. ಅವಳು ಕತ್ತರಿ ಹಿಡಿದು ನಿಂತಿದ್ದು ಕಂಡಾಗ ನೆನಪಾಯ್ತು. ಅಷ್ಟರಲ್ಲಿ ಮುಚ್ಚಳ ತೆರೆದಾಗಿತ್ತು. ಬಾಯಿಗೆ ಮೊದಲು ಬಂದದ್ದು ಆ ಮೊಳೆಯ ಮೇಲಿನ ಚಕ್ರ.

ಚಾಕುವಾ? ನನ್ನದೇ ಚಾಕು. ಅಡುಗೆಮನೇದು. ಮಧ್ಯಾಹ್ನ… ಮಧ್ಯಾಹ್ನ ಅದರಲ್ಲಿ ಹಂದಿ ಸಾಸೇಜು ಕೊಯ್ದಿದ್ದೆ. ಒರೆಸಿದ್ದೆ. ತೊಳೆದಿರಲಿಲ್ಲ, ಒರೆಸಿದ್ದೆ. ಹಾಗೆ ನೋಡಬೇಡ. ಆ ಮುದುಕಿ ತಿನ್ನಲಿಲ್ಲವಲ್ಲ ಅಂತ ನಾನು ರಾತ್ರಿಯೆಲ್ಲ ದೇವರಿಗೆ ಕೈ ಮುಗಿದಿದೀನಿ. ತಿನ್ನಲಿಲ್ಲವಲ್ಲ ಅಂತಲೇ ಅತ್ತೂ ಇದೀನಿ.

ಆ ಕಂದು ಕಾಗದ ಲಂಗದ್ದಲ್ಲ. ಎಸೆಯೋ ಮುಂಚೆ ಎಂಟು ತುಂಡನ್ನೂ ಅವಳು ಅದರ ಮೇಲೆ ಜೋಡಿಸಿ, ಸುತ್ತ ಗೆರೆ ಎಳೆದಿದ್ದಳು. "ಯಾರೂ ಮುಟ್ಟದೆ ಬರೀ ಕತ್ತರಿಸಿದ್ದರೆ ಸುತ್ತು ಕೂಡಬೇಕಿತ್ತು, ದೊಡ್ಡಮ್ಮಾ. ಇದು ಕೂಡಲ್ಲ, ಎರಡು ಬೆರಳು ಕಡಿಮೆ" ಅಂದಳು. ಹೊಲಿಗೆಯವಳ ಕಣ್ಣು! ನನಗೆ ಅದು ಹೊಳೆಯಲೇ ಇಲ್ಲ ನೋಡು. ಅಳತೆ ಅವಳ ಕಸುಬು, ಅವಳ ಹತ್ತಿರ ಅಳತೆಯಲ್ಲಿ ಕದ್ದೆ.

ಎಲ್ಲಿಗೆ ಹೊರಟೆ? ಇಸ್ತ್ರಿ ಆರಿಸ್ತಿದೀಯಾ? ಇರು, ಹೋಗಬೇಡ. ಹೋಗ್ತೀನಿ ಅಂದೆನಲ್ಲ, ನಾಳೆ ಹತ್ತು ಗಂಟೆಗೆ ಹೋಗ್ತೀನಿ. ಇಲ್ಲ, ಅನ್ನಲಿಲ್ಲವಾ? ಈಗ ಅಂತೀನಿ. ಆ ಶಾಲು ಹೊದ್ದುಕೊಂಡೇ ಹೋಗ್ತೀನಿ, ಪತ್ರದವರು ಕಲೆ ನೋಡಲಿ, ಮೂಸಲಿ ಬೇಕಾದರೆ. ನೀನು ನನ್ನ ಜೊತೆ ರಸ್ತೆ ದಾಟಿಸು, ಅಷ್ಟು ಸಾಕು.  ಮಗಳಿಗೂ ಬಾ ಅನ್ನು. ಅವಳ ಎದುರಿಗೇ ಹೇಳ್ತೀನಿ. ಕ್ಷೌರದವನ ಹೆಂಡತಿಯನ್ನೂ ಕರಿ. ಸುದ್ದಿ ಹರಡೋದು ನನಗೆ ಬರುತ್ತೆ, ಇದನ್ನೂ ಹರಡ್ತೀನಿ.

ಹೊಲಿಗೆಯವಳು ಕೊನೆಗೆ ಏನಂದಳು ಅಂತ ಕೇಳೋಕಾ ನಿಂತೆ? ಬೈದಿದ್ದರೆ ಚೆನ್ನಾಗಿತ್ತು. ನಾನೂ ತಿರುಗಿ ಬೈದು ಇಳಿದು ಬರ್ತಿದ್ದೆ. ಧ್ವನಿಯೂ ಎತ್ತಲಿಲ್ಲ, ಅತ್ತೆಗೆ ಎಚ್ಚರ ಆದೀತು ಅಂತ. ಕಾಗದ ಮಡಚಿ ನನ್ನ ಕೈಯಲ್ಲಿಟ್ಟಳು.

"ಮಾಂಸ ಕೇಳಿದೆ, ಚೀಸು ಕೇಳಿದೆ, ಕುಂಚದ ಕೂದಲು ಕೂಡ ಕೇಳಿದೆ, ದೊಡ್ಡಮ್ಮಾ. ತರೋ ಕೈಯನ್ನ ಕೇಳಲಿಲ್ಲ, ಅದು ನಿಮ್ಮದು ಅಂತ. ಮೂರು ಮಹಡಿ ಹತ್ತಿ ಬರೋಳು, ಮೊದಲ ತುಂಡು ಅವಳಿಗೆ ಕೊಡು ಅಂತ ಅತ್ತೆ ಹೇಳಿದ್ದರು. ಆ ಮೂರನೇ ತಟ್ಟೆ ನಿಮ್ಮದು."